ಡ್ರೈವ್ ಹಾಕಿದ ಮೇಲೆ ಬೋರ್ ಮೋಟಾರ್ ಪದೇ ಪದೇ ಟ್ರಿಪ್, ವೋಲ್ಟೇಜ್ ಸರಿಯಾಗೇ ಇದೆ!

ಅಡಿಕೆಮರ: ತಲೆ ಕೆಟ್ಟು ಹೋಗಿದೆ. 7.5 ಎಚ್‌ಪಿ ಸಬ್‌ಮರ್ಸಿಬಲ್, 900 ಅಡಿಗೆ ಇಳಿಸಿದ್ದು. ಆರು ವರ್ಷ ಸ್ಟಾರ್ಟರ್‌ನಲ್ಲಿ ಸುಮ್ನೆ ಓಡಿತ್ತು. ಹೋದ ತಿಂಗಳು ವಿಎಫ್‌ಡಿ ಹಾಕಿಸಿದೆ, ಅದೇ ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರ್ ವೇಗ ಏರಿಳಿಸುವ ಡ್ರೈವ್. 44 ಹರ್ಟ್ಸ್ ದಾಟಿದರೆ ಸಾಕು, ಟ್ರಿಪ್. ವೋಲ್ಟೇಜ್ 410 ಇದೆ, ನಾನೇ ನೋಡಿದ್ದೇನೆ. ಡ್ರೈವೇ ಡಬ್ಬಾ ಇರಬೇಕು. ತೋಟ ಒಣಗುತ್ತಿದೆ, ಬೇಗ ಹೇಳಿ.

ಕೇಬಲ್ ಮಾವ: ಬೋರ್ ಒಳಗಿನ ಕೇಬಲ್ 4 ಸ್ಕ್ವೇರ್ ಎಂಎಂ ಇರಬೇಕು. 900 ಅಡಿ ಅಂದ್ರೆ 274 ಮೀಟರ್. 15 ಆಂಪ್ಸ್‌ಗೆ ಸುಮಾರು 28 ವೋಲ್ಟ್ ಅಲ್ಲೇ ಹೋಯ್ತು. ಕೇಬಲ್ ಬದಲಿಸಿ, ಮಾತು ಮುಗೀತು.

ಅಡಿಕೆಮರ: 6 ಸ್ಕ್ವೇರ್ ತಾಮ್ರ.

ಕೇಬಲ್ ಮಾವ: ಆದರೂ 19 ವೋಲ್ಟ್ ಹೋಗುತ್ತದೆ. 10 ಹಾಕಿ. ಡ್ರೈವ್ ಔಟ್‌ಪುಟ್‌ಗೆ ಮೀಟರ್ ಹಿಡಿದು ನೋಡಿ, ಗೊತ್ತಾಗುತ್ತದೆ.

ಮೂರ್‌ಫೇಸ್: ಮಾವ, ಅಲ್ಲಿ ಮಾಮೂಲಿ ಮೀಟರ್ ಹಿಡಿದರೆ ಸುಳ್ಳು ಹೇಳುತ್ತದೆ. ಹೊರಗೆ ಬರುವುದು ಸೈನ್ ಅಲೆಯಲ್ಲ, ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿದ ಡಿಸಿ. ಆ ಕತ್ತರಿಕೆಯನ್ನು ಸೋಸಿ ತೆಗೆಯುವ ಲೋ ಪಾಸ್ ಫಿಲ್ಟರ್ ಇರುವ ಮೀಟರ್ ಬೇಕು.

ಕೇಬಲ್ ಮಾವ: ಇಪ್ಪತ್ತು ವರ್ಷದಿಂದ ಒಂದೇ ಮೀಟರ್. ಅದರಲ್ಲೇ ನೂರಾರು ಮೋಟಾರ್ ರಿಪೇರಿ ಮಾಡಿದ್ದೇನೆ.

ಮೂರ್‌ಫೇಸ್: ಸ್ಟಾರ್ಟರ್‌ಗೆ ಸರಿ. ಡ್ರೈವ್‌ಗೆ ಅಲ್ಲ.

ಸೂರ್ಯಪಂಪ್: ಇದೆಲ್ಲ ಯಾಕೆ, ಸೋಲಾರ್‌ಗೆ ಬನ್ನಿ. ನನ್ನದು 5 ಎಚ್‌ಪಿ, 335 ವ್ಯಾಟ್‌ನ 15 ಪ್ಯಾನಲ್. ಬೆಳಿಗ್ಗೆ ತಿಂಡಿ ತಿನ್ನುವಷ್ಟರಲ್ಲಿ ನೀರು ಶುರು. ಫೋಟೋ ಹಾಕಲಾ?

ಹಳೇ ಲೈನ್‌ಮನ್: ಆಮೇಲೆ ಹಾಕಿ ಮಾರಾಯ್ರೇ. ಅಡಿಕೆಮರ ಅವರೇ, ಆ 410 ನೋಡಿದ್ದು ಮೋಟಾರ್ ಓಡುವಾಗಲೋ, ನಿಂತಿರುವಾಗಲೋ? ಪಂಪ್‌ಹೌಸ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ? ಟ್ರಿಪ್ ಆದಾಗ ಡಿಸ್‌ಪ್ಲೇಯಲ್ಲಿ ಏನಿರುತ್ತದೆ?

ಅಡಿಕೆಮರ: ನಿಂತಿರುವಾಗ. ಕೊನೇ ಕಂಬದಿಂದ 300 ಮೀಟರ್, 6 ಸ್ಕ್ವೇರ್ ಅಲ್ಯೂಮಿನಿಯಂ ಕೇಬಲ್, ನಾನೇ ಎಳೆಸಿದ್ದು. ಒಮ್ಮೆ ಅಂಡರ್ ವೋಲ್ಟೇಜ್, ಒಮ್ಮೆ ಇನ್‌ಪುಟ್ ಫೇಸ್ ಲಾಸ್ ಅಂತ ಬರುತ್ತದೆ. ಮೂರೂ ಫೇಸ್ ಇದೆಯಲ್ಲ ಅಂತ ಅದನ್ನು ಬರೆಯಲಿಲ್ಲ.

ಹಳೇ ಲೈನ್‌ಮನ್: ಬರೆಯಬೇಕಾಗಿದ್ದೇ ಅದು! ತೊಂದರೆ ಬೋರ್ ಒಳಗಲ್ಲ, ಡ್ರೈವ್‌ಗಿಂತ ಹಿಂದೆ. ಆ ಅಲ್ಯೂಮಿನಿಯಂ ಕೇಬಲ್ 14 ಆಂಪ್ಸ್‌ಗೆ 33 ವೋಲ್ಟ್ ನುಂಗುತ್ತದೆ. ಒಳಗೆ ಬಂದದ್ದಕ್ಕಿಂತ ಜಾಸ್ತಿ ವೋಲ್ಟೇಜನ್ನು ಡ್ರೈವ್ ಹೊರಗೆ ಕೊಡಲಾರದು. ಜೊತೆಗೆ ಅದರ ಡಯೋಡ್‌ಗಳು ಅಲೆಯ ತುದಿಯಲ್ಲಿ ಮಾತ್ರ ಕರೆಂಟ್ ಎಳೆಯುತ್ತವೆ. ಲೈನ್ ಸೊರಗಿದ್ದರೆ ಆ ತುದಿಯೇ ಚಪ್ಪಟೆ. 43 ಹರ್ಟ್ಸ್‌ನಲ್ಲಿ ಓಡಿಸಿ, ಇನ್‌ಪುಟ್‌ನ ಆರ್, ವೈ, ಬಿ ಫೇಸ್‌ಗಳ ಮೂರೂ ಜೋಡಿಯ ವೋಲ್ಟೇಜ್ ನೋಡಿ. ಡಿಸಿ ಬಸ್, ಅಂದ್ರೆ ಡ್ರೈವ್ ಒಳಗಿನ ಡಿಸಿ ವೋಲ್ಟೇಜ್, ಎಷ್ಟು ಅಂತ ಡ್ರೈವೇ ತೋರಿಸುತ್ತದೆ.

ಅಡಿಕೆಮರ: ಆರ್-ವೈ 371, ವೈ-ಬಿ 338, ಬಿ-ಆರ್ 335. ಡಿಸಿ ಬಸ್ ನಿಂತಾಗ 578, ಓಡುವಾಗ 455.

ಕೇಬಲ್ ಮಾವ: ಬೋರ್ ಕೇಬಲ್ ಮೆಗ್ಗರ್ ಮಾಡಿಸಿ, ಇನ್ಸುಲೇಶನ್ ಸರಿ ಇದೆಯಾ ಗೊತ್ತಾಗುತ್ತದೆ.

ಹಳೇ ಲೈನ್‌ಮನ್: ಬರೀ ಕೇಬಲ್ ಸಣ್ಣದಾಗಿದ್ದರೆ ಮೂರೂ ಒಂದೇ ಸಮ ಇಳಿಯುತ್ತಿತ್ತು. ಇಲ್ಲಿ ಬಿ ಇರುವ ಎರಡು ಜೋಡಿ ಮಾತ್ರ ಜಾಸ್ತಿ ಬಿದ್ದಿವೆ. ಬಿ ಫೇಸ್‌ನ ಎಲ್ಲೋ ಜಾಯಿಂಟ್ ಹಾಳಾಗಿದೆ. ತಾಮ್ರಕ್ಕೂ ಅಲ್ಯೂಮಿನಿಯಂಗೂ ಬರಿ ಕೈಯಲ್ಲಿ ಹೊಸೆದಿರುತ್ತಾರೆ. ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ ಹಾಕಿಸಿ. ಲೈನ್ ಆಫ್ ಮಾಡಿಸಿ, ನೀವು ಕಂಬ ಹತ್ತಬೇಡಿ.

ಅಡಿಕೆಮರ: ಕಂಬದ ಹತ್ತಿರದ ಜಾಯಿಂಟ್ ಸುಟ್ಟು ಇದ್ದಿಲಾಗಿತ್ತು ಸಾರ್! ಈಗ ಮೂರೂ 370ರ ಆಸುಪಾಸು, ಟ್ರಿಪ್ ನಿಂತಿದೆ. ಆದರೆ 50ಕ್ಕೆ ಏರಿಸಿದರೆ ಕರೆಂಟ್ 17 ದಾಟುತ್ತದೆ.

ಹಳೇ ಲೈನ್‌ಮನ್: ಹರ್ಟ್ಸ್ ಏರಿದ ಹಾಗೆ ಮೋಟಾರ್‌ಗೆ ವೋಲ್ಟೇಜೂ ಏರಬೇಕು. 370 ಬಂದರೆ ಆ ಲೆಕ್ಕದ ವೋಲ್ಟೇಜ್ ಸಿಗುವುದು 44-45 ಹರ್ಟ್ಸ್ ತನಕ ಮಾತ್ರ. ಅಲ್ಲಿಗೇ ನಿಲ್ಲಿಸಿ. ಹಾಗಂತ 40ಕ್ಕೆ ಇಳಿಸಬೇಡಿ, ಪಂಪ್ ನೀರೆತ್ತುವ ಎತ್ತರ 64 ಪರ್ಸೆಂಟ್‌ಗೆ ಬೀಳುತ್ತದೆ, 900 ಅಡಿಯಿಂದ ನೀರು ಮೇಲೆ ಬರದೇ ಇರಬಹುದು. ದುಡ್ಡಾದಾಗ ಕಂಬದಿಂದ 16 ಸ್ಕ್ವೇರ್ ಎಳೆಸಿ. 33 ಇದ್ದದ್ದು 14 ವೋಲ್ಟ್‌ಗೆ ಬರುತ್ತದೆ.

ಅಡಿಕೆಮರ: 45ರಲ್ಲಿ ನೀರು ಬರುತ್ತಿದೆ, ಸ್ವಲ್ಪ ಸಣ್ಣಗೆ. ಅಡಿಕೆ ಮಾರಿದ ಮೇಲೆ ಕೇಬಲ್ ಹಾಕಿಸುತ್ತೇನೆ.

ಕೇಬಲ್ ಮಾವ: ಕೇಬಲ್ ಅಂತ ಮೊದಲ ದಿನವೇ ಹೇಳಲಿಲ್ವಾ?