ಪದಚರ್ಚೆ: ಗ್ಯಾಂಬಿಟ್ ‘ಸೌಂಡ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಇರುವುದು ಮುಂಬೈಯ ಮುಲುಂಡಿನಲ್ಲಿ. ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ಏಳೆಂಟು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡದ ಮನೆಯವರೇ. ಶಾಲೆಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ಮರಾಠಿ. ಹಾಗಾಗಿ ಬೋರ್ಡಿನ ಮುಂದೆ ಕೂತಷ್ಟು ಹೊತ್ತು ಕನ್ನಡದಲ್ಲೇ ಮಾತಾಡಬೇಕು ಅಂತ ನಮ್ಮೊಳಗೆ ಒಪ್ಪಂದ. ಕಾಯಿಗಳ ಹೆಸರಿಗೆ ಅಷ್ಟೇನೂ ಕಷ್ಟವಿಲ್ಲ. ಮರಾಠಿಯ ‘ಉಂಟ’ ನಮ್ಮ ಒಂಟೆ, ‘ಘೋಡಾ’ ನಮ್ಮ ಕುದುರೆ. ‘ಹತ್ತಿ’ ಅಂದಾಗ ಮಾತ್ರ ಸಣ್ಣ ಮಕ್ಕಳಿಗೆ ಅರಳೆ ನೆನಪಾಗುತ್ತದೆ, ಆಗ ಆನೆ ಅಂತ ತಿದ್ದುತ್ತೇನೆ. ಪೇದೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ.

ಹೋದ ವಾರ ಹನ್ನೆರಡು ವರ್ಷದ ಹುಡುಗನೊಬ್ಬ ಕಪ್ಪು ಕಾಯಿಯಲ್ಲಿ ಎಂಗ್ಲುಂಡ್ ಗ್ಯಾಂಬಿಟ್ ಆಡಿ ತೋರಿಸಿದ. ಆಟದ ಶುರುವಿನಲ್ಲೇ ಬೇಕಂತಲೇ ಕಾಯಿ ಬಿಟ್ಟುಕೊಡುವುದಕ್ಕೆ ಗ್ಯಾಂಬಿಟ್ ಅನ್ನುತ್ತಾರೆ. ಬಿಳಿ ಡಿ4 (ಡಿ ಸಾಲಿನ ನಾಲ್ಕನೇ ಮನೆ) ಆಡಿದ ತಕ್ಷಣ ಕಪ್ಪು ಇ5 ಆಡಿ ಪೇದೆಯನ್ನು ಎದುರಿಗೆ ಇಡುವ ಆಟ ಅದು. ಆಮೇಲೆ ಕೇಳಿದ: “ಕಾಕಾ, ಕಪ್ಪಿಗೆ ಈ ಗ್ಯಾಂಬಿಟ್ ಸೌಂಡ್ ಇದೆಯಾ?” ಪಕ್ಕದಲ್ಲಿದ್ದ ಚಿಕ್ಕ ಹುಡುಗಿ ಅದನ್ನು ಸದ್ದು ಅಂತಲೇ ತಿಳಿದಳು. ಅವಳ ತಪ್ಪೇನೂ ಇಲ್ಲ. ನಮ್ಮ ಮಾತಿನಲ್ಲಿ ಸೌಂಡ್ ಅಂದರೆ ಸದ್ದೇ ಅಲ್ವಾ? ಕನ್ನಡದಲ್ಲಿ ಹೇಳಿಕೊಡೋಣ ಅಂತ ಬಾಯಿ ತೆರೆದೆ. ಪದ ಬರಲಿಲ್ಲ.

ಮೊದಲು ಬಂದದ್ದು ‘ಒಳ್ಳೆಯದು’. ಇದು ಸಾಲದು. ಕೊಟ್ಟ ಪೇದೆಗೆ ಬದಲಾಗಿ ಕಪ್ಪಿಗೆ ಏನೋ ಸಿಗಬೇಕು, ಎದುರಿನವನು ಒಂದೂ ತಪ್ಪು ಮಾಡದೆ ಆಡಿದರೂ ಅದು ಉಳಿಯಬೇಕು. ಕೇಳುತ್ತಿರುವುದು ಇದನ್ನು. ಈ ಎರಡನೆಯ ಭಾಗ ‘ಒಳ್ಳೆಯದು’ ಅನ್ನುವ ಮಾತಿನಲ್ಲಿ ಇಲ್ಲ.

ಆಮೇಲೆ ‘ಗಟ್ಟಿ’, ಅದಕ್ಕೆ ಎದುರಾಗಿ ‘ಜೊಳ್ಳು’ ಹೊಳೆಯಿತು. ಕಾಳನ್ನು ಮೊರದಲ್ಲಿ ಹಾಕಿ ಕೇರಿದರೆ ಜೊಳ್ಳು ಹಾರಿಹೋಗುತ್ತದೆ, ಗಟ್ಟಿ ಕಾಳು ಉಳಿಯುತ್ತದೆ. ಚೆಂದವಾಗಿ ಕೂರುತ್ತದೆ ಅನಿಸಿತು. ಹುಡುಗ ಆಡಿದ್ದು ನಿಜಕ್ಕೂ ಜೊಳ್ಳು. ಬಿಳಿ ಪೇದೆ ಹೊಡೆಯುತ್ತದೆ, ಕಪ್ಪು ಕುದುರೆ ಸಿ6ಕ್ಕೆ ಬರುತ್ತದೆ, ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ರಾಣಿ ಇ7ಕ್ಕೆ. ಬಿಳಿ ಒಂಟೆ ಎಫ್4ಕ್ಕೆ ಬಂದು ಪೇದೆ ಕಾಯುತ್ತದೆ. ಆಗ ಕಪ್ಪು ರಾಣಿ ಬಿ4ರಿಂದ ಶಹ ಕೊಡುತ್ತದೆ. ಒಂಟೆ ಡಿ2ಕ್ಕೆ ಹಿಂದೆ ಸರಿದ ಕೂಡಲೇ ರಾಣಿ ಬಿ2ರ ಪೇದೆ ತಿನ್ನುತ್ತದೆ. ಇಲ್ಲಿ ಬಿಳಿಯವನು ರಾಣಿಯನ್ನು ಓಡಿಸುವ ಆಸೆಯಿಂದ ಒಂಟೆಯನ್ನು ಸಿ3ಕ್ಕೆ ತಂದರೆ ಮುಗಿಯಿತು. ಕಪ್ಪು ಒಂಟೆ ಬಿ4ಕ್ಕೆ ಬರುತ್ತದೆ. ಬಿಳಿ ರಾಣಿ ಡಿ2ಕ್ಕೆ ಬಂದು ಆನಿಸಿದರೂ ಕಪ್ಪು ಒಂಟೆ ಸಿ3ರಲ್ಲಿ ಹೊಡೆಯುತ್ತದೆ. ಬಿಳಿ ರಾಣಿ ಅದನ್ನು ಹೊಡೆದರೆ ಕಪ್ಪು ರಾಣಿ ಸಿ1ಕ್ಕೆ ಇಳಿದು ಅಲ್ಲೇ ಮಾತ್. ಒಟ್ಟು ಎಂಟೇ ನಡೆ! ಆದರೆ ಅದೇ ಜಾಗದಲ್ಲಿ ಬಿಳಿಯವನು ಒಂಟೆ ಬಿಟ್ಟು ಕುದುರೆಯನ್ನು ಸಿ3ಕ್ಕೆ ತಂದರೆ ಗಾಳದಲ್ಲಿ ಮೀನಿಲ್ಲ. ಕಪ್ಪು ರಾಣಿ ಒಂಟಿಯಾಗಿ ಬಿಳಿಯ ಪಾಳಯದೊಳಗೆ ಸಿಕ್ಕಿಕೊಂಡಿರುತ್ತದೆ, ಬಿಳಿಯ ಕಾಯಿಗಳು ಒಂದೊಂದಾಗಿ ಹೊರಗೆ ಬಂದು ನಿಂತಿರುತ್ತವೆ.

ಹುಡುಗ ಸುಮ್ನೆ ಬಿಡಲಿಲ್ಲ. “ಆದ್ರೆ ನಾನು ಫೋನಿನಲ್ಲಿ ಇದರಿಂದಲೇ ಜಾಸ್ತಿ ಗೆದ್ದಿದ್ದೀನಿ, ಕಾಕಾ. ಜೊಳ್ಳು ಹೇಗಾಗುತ್ತೆ?” ಅಂದ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಗೆದ್ದದ್ದನ್ನು ಜೊಳ್ಳು ಅಂದರೆ ಮಗುವಿಗೆ ಒಪ್ಪಿಗೆಯಾಗುವುದಿಲ್ಲ. ಆಗ ಅವನಿಗೆ ಇದಕ್ಕೆ ಪೂರಾ ಉಲ್ಟಾ ಆದ ಒಂದು ಆಟ ಹೇಳಿದೆ.

1918ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಆಟಗಾರ ಫ್ರಾಂಕ್ ಮಾರ್ಷಲ್ ಕಪ್ಪು ಕಾಯಿ ಹಿಡಿದು ಕ್ಯೂಬಾದ ಆಟಗಾರ ಕಾಪಾಬ್ಲಾಂಕಾ ಎದುರು ಡಿ5 ಆಡಿ, ಇ5ರ ಪೇದೆ ಬಿಟ್ಟುಕೊಟ್ಟು ಬಿಳಿ ರಾಜನ ಮೇಲೆ ನುಗ್ಗಿದರು. ಕಾಪಾಬ್ಲಾಂಕಾ ಒಂದೊಂದೇ ಏಟನ್ನು ತಡೆದು 36 ನಡೆಗಳಲ್ಲಿ ಗೆದ್ದರು. ಅಂದರೆ ಹೆಸರು ಮಾಡಿದ ಆಟದಲ್ಲೇ ಆ ಬಲಿ ಸೋತಿತು. ಆದರೂ ಅವರ ಹೆಸರೇ ಪಡೆದ ಈ ಮಾರ್ಷಲ್ ದಾಳಿ ಇವತ್ತಿಗೂ ಕಪ್ಪಿನ ಬಹಳ ಭರವಸೆಯ ಆಟಗಳಲ್ಲಿ ಒಂದು. ಅಂದು ಮಾರ್ಷಲ್ ಡಿ5ರಲ್ಲಿದ್ದ ಕುದುರೆಯನ್ನು ಎಫ್6ಕ್ಕೆ ವಾಪಸ್ ತಂದಿದ್ದರು. ಆಮೇಲೆ ಸಿ6 ಎಂಬ ಸಣ್ಣ ಪೇದೆ ನಡೆ ರೂಢಿಗೆ ಬಂತು, ಆ ಕುದುರೆ ಡಿ5ರಲ್ಲೇ ಆಸರೆ ಪಡೆದು ಕೂತಿತು. ಈಗ ಎಷ್ಟೋ ದೊಡ್ಡ ಆಟಗಾರರು ಬಿಳಿ ಕಾಯಿಯಲ್ಲಿ ಆ ದಾರಿಗೇ ಹೋಗುವುದಿಲ್ಲ. ಎಂಟನೇ ನಡೆಯಲ್ಲಿ ಎ4 ಅಥವಾ ಎಚ್3 ಆಡಿ ಪಕ್ಕಕ್ಕೆ ಸರಿಯುತ್ತಾರೆ.

ಎಂಗ್ಲುಂಡ್ ಗೆಲ್ಲುತ್ತದೆ, ಆದರೆ ನಿಲ್ಲುವುದಿಲ್ಲ. ಮಾರ್ಷಲ್ ಸೋತಿತು, ಆದರೆ ನಿಂತಿತು. ಹುಡುಗನಿಗೆ ಹೀಗೆ ಹೇಳುತ್ತಿರುವಾಗಲೇ ನಾನು ಹುಡುಕುತ್ತಿದ್ದ ಪದ ಬಾಯಿಗೆ ಬಂತು. ‘ನಿಲ್ಲು’. “ಈ ಗ್ಯಾಂಬಿಟ್ ಕಪ್ಪಿಗೆ ನಿಲ್ಲುತ್ತದಾ?” ಕೋರ್ಟಿನ ಮಾತಿನಲ್ಲಿ ಇದು ಇದ್ದೇ ಇದೆ: ಈ ಕೇಸು ನಿಲ್ಲುವುದಿಲ್ಲ, ಆ ವಾದ ನಿಲ್ಲುತ್ತದೆ. ಅಲ್ಲೂ ಎದುರಿನವನ ಪಾಟೀಸವಾಲನ್ನು ತಾಳಿಕೊಳ್ಳುತ್ತದಾ ಅನ್ನುವುದೇ ಪ್ರಶ್ನೆ. ಮರಾಠಿಯವರು ‘ಟಿಕತ್ ನಾಹೀ’ ಅನ್ನುವುದನ್ನು ಮಕ್ಕಳು ದಿನಾ ಕೇಳುತ್ತಾರೆ, ಹಾಗಾಗಿ ಬೇಗ ತಲೆಗೆ ಹೋಯಿತು. ಬಟ್ಟೆಗೆ ಹೇಳುವ ‘ತಾಳಿಕೆ’ಯನ್ನೂ ಯೋಚಿಸಿದೆ. ಅದು ಎಷ್ಟು ದಿನ ಬಾಳಿಕೆ ಬರುತ್ತದೆ ಅನ್ನುವ ಕಡೆ ಜಾರುತ್ತದೆ. ಬೆಂಕೋ ಗ್ಯಾಂಬಿಟ್ಟಿಗೆ ಮಾತ್ರ ತಾಳಿಕೆಯೇ ಚೆನ್ನ. ಅಲ್ಲಿ ಕಪ್ಪು ಬಿ5ರಲ್ಲಿ ಪೇದೆ ಕೊಟ್ಟು ಎ ಮತ್ತು ಬಿ ಸಾಲುಗಳನ್ನು ತನ್ನ ಆನೆಗಳಿಗೆ ತೆರೆದುಕೊಳ್ಳುತ್ತದೆ. ರಾಣಿಗಳು ಹೋದ ಮೇಲೂ ಆ ಒತ್ತಡ ಹೋಗುವುದಿಲ್ಲ.

ನಡುವಿನ ಒಂದು ಜಾತಿಗೆ ಪದ ಬೇಕು. ಲಾಟ್ವಿಯನ್ ಗ್ಯಾಂಬಿಟ್ ನೋಡಿ. ಇ4, ಇ5, ಕುದುರೆ ಎಫ್3, ಅದಕ್ಕೆ ಕಪ್ಪು ಎಫ್5. ತನ್ನ ರಾಜನ ಬಾಗಿಲನ್ನು ತಾನೇ ತೆರೆದಂತೆ. ಎಚ್5ರಿಂದ ರಾಜನವರೆಗಿನ ಓರೆ ದಾರಿ ಖಾಲಿ. ಬಿಳಿ ಕುದುರೆ ಇ5ರ ಪೇದೆ ಹೊಡೆದು ಚೆನ್ನಾಗಿ ಆಡಿದರೆ ಕಪ್ಪಿಗೆ ಕಷ್ಟ. ಆದರೆ ಎಂಗ್ಲುಂಡಿನಂತೆ ಒಂದೇ ನಡೆಗೆ ಗಾಳಿ ಇಳಿಯುವ ಆಟವಲ್ಲ. ಅಂಚೆಯಲ್ಲಿ ಆಡುವವರು ಅದನ್ನು ವರ್ಷಗಟ್ಟಲೆ ಕೆದಕಿದ್ದಾರೆ. ಇದಕ್ಕೆ ‘ಅಲುಗಾಡುತ್ತದೆ’ ಅನ್ನಬಹುದೇ? ನಿಲ್ಲು, ಅಲುಗಾಡು, ಬೀಳು. ಮೂರೂ ನಮ್ಮ ಮನೆಮಾತು. ನನಗಂತೂ ಇಷ್ಟವಾಗಿದೆ.

ಇನ್ನು ‘ಗ್ಯಾಂಬಿಟ್’ ಬಗ್ಗೆ. ‘ಬಲಿ’, ‘ತ್ಯಾಗ’ ಎರಡೂ ಬಳಕೆಯಲ್ಲಿವೆ. ಆದರೆ ಅವು ಆಟದ ನಡುವೆ ಕೊಡುವ ಯಾವ ಕಾಯಿಗೂ ಸಲ್ಲುತ್ತವೆ, ಆಟದ ಶುರುವಿನಲ್ಲೇ ಕೊಡುವುದು ಅನ್ನುವುದು ಅವುಗಳಲ್ಲಿ ಬರುವುದಿಲ್ಲ. ಗ್ಯಾಂಬಿಟ್ ಇಟಲಿಯ ‘ಗಂಬೆತ್ತೊ’ದಿಂದ ಬಂದದ್ದು. ಅಲ್ಲಿ ‘ಗಂಬಾ’ ಅಂದರೆ ಕಾಲು, ಗಂಬೆತ್ತೊ ಅಂದರೆ ಕಾಲು ಕೊಟ್ಟು ಬೀಳಿಸುವುದು. ಸ್ಪೇನಿನ ಪಾದ್ರಿ ರೂಯ್ ಲೋಪೆಜ್ 1561ರ ತನ್ನ ಪುಸ್ತಕದಲ್ಲಿ ಈ ಮಾತನ್ನು ಚೆಸ್ಸಿಗೆ ತಂದ. ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ‘ಅಡ್ಡಗಾಲು’ ಕೂತುಬಿಟ್ಟಿದೆ. ಇಟಲಿಯವರು ಹೇಳಿದ್ದನ್ನೇ ನಮ್ಮವರೂ ಹೇಳಿದ್ದಾರೆ! ಕಾಲು ಒಡ್ಡುವವನು ಆ ಹೊತ್ತಿಗೆ ಒಂಟಿ ಕಾಲಿನಲ್ಲಿರುತ್ತಾನೆ. ಎದುರಿನವನು ಎಡವದಿದ್ದರೆ ಒಡ್ಡಿದವನೇ ಬೀಳಬಹುದು. ಅದರಲ್ಲೂ ಕಪ್ಪು ಮೊದಲೇ ಒಂದು ನಡೆ ಹಿಂದೆ. ಆದ್ದರಿಂದ “ಈ ಅಡ್ಡಗಾಲು ಕಪ್ಪಿಗೆ ನಿಲ್ಲುತ್ತದಾ?” ಅಂದಾಗ ಪೂರ್ತಿ ಚಿತ್ರವೇ ಕಣ್ಣ ಮುಂದೆ ಬರುತ್ತದೆ.

ಒಂದು ಅನುಮಾನ ಇದೆ. ಇವತ್ತು ‘ಅಡ್ಡಗಾಲು ಹಾಕು’ ಅಂದರೆ ಒಳ್ಳೆಯ ಕೆಲಸ ತಡೆಯುವುದು ಎಂಬ ಅರ್ಥವೇ ಜಾಸ್ತಿ. ಏನನ್ನೋ ಕೊಟ್ಟು ಬೀಳಿಸುವುದು ಅನ್ನುವ ಅರ್ಥ ಅದರಲ್ಲಿ ಮಸುಕಾಗಿದೆ. ಆಡುವವರ ಬಾಯಲ್ಲಿ ಆ ಅರ್ಥ ಮತ್ತೆ ಹುಟ್ಟಬಹುದೇ, ಅಥವಾ ಗ್ಯಾಂಬಿಟ್ ಅಂತಲೇ ಬಿಟ್ಟು ‘ನಿಲ್ಲು’ ಒಂದನ್ನೇ ತೆಗೆದುಕೊಳ್ಳೋಣವೇ?

ಬಲ್ಲವರಲ್ಲಿ ಎರಡು ಕೋರಿಕೆ. ನಿಮ್ಮೂರಿನ ಗರಡಿಯಲ್ಲಿ ಅಥವಾ ಕಬಡ್ಡಿ ಅಂಕಣದಲ್ಲಿ ಕಾಲು ಕೊಟ್ಟು ಕೆಡಹುವ ಪಟ್ಟಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ, ಯಾವ ಕಡೆಯ ಮಾತು ಅನ್ನುವುದನ್ನೂ ಬರೆಯಿರಿ. ಇನ್ನು ಪಗಡೆ, ಚೌಕಾಬಾರ ಆಡುವ ಮನೆಗಳಲ್ಲಿ ಬೇಕಂತಲೇ ಕಾಯಿ ಬಿಟ್ಟುಕೊಡುವುದಕ್ಕೆ ಏನನ್ನುತ್ತಾರೆ? ಭಾನುವಾರದೊಳಗೆ ಗೊತ್ತಾದರೆ ಆ ಹುಡುಗನಿಗೆ ಹೇಳುತ್ತೇನೆ. ಅವನು ಈಗ ಸಿ6 ಕಲಿಯುತ್ತಿದ್ದಾನೆ.