ಬ್ಯಾನರಿಗೆ ಒಂದು ಸಾಲು: 'ಡಾಕ್ಯುಮೆಂಟರಿ'ಗೆ ಏನು ಬರೆಯಲಿ?

ಡರ್ಹಮ್‌ನಿಂದ

ನಮ್ಮ ಪದಚರ್ಚೆಯ ಗುಂಪಿನ ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ. ಗುರುವಾರ ಬೆಳಗ್ಗೆ ಬ್ಯಾನರ್ ಪ್ರಿಂಟಿಗೆ ಹೋಗುತ್ತದೆ.

ನಾನಿರುವುದು ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ. 1998ರಲ್ಲಿ ಶುರುವಾದ ಫುಲ್ ಫ್ರೇಮ್ ಡಾಕ್ಯುಮೆಂಟರಿ ಉತ್ಸವದ ಊರು ಇದು. ಆ ಗಾಳಿ ನಮಗೂ ಬಡಿದಿದೆ. ನಾವು ಕೆಲವರು ಸೇರಿ ಮೂರು ದಿನದ ಸಣ್ಣದೊಂದು ಉತ್ಸವ ಮಾಡುತ್ತಿದ್ದೇವೆ. ಚಿತ್ರಗಳೆಲ್ಲ ಅಮೆರಿಕದವು. ನೋಡಲು ಬರುವವರು ಬೇರೆ ಬೇರೆ ದೇಶದವರು: ವಿದ್ಯಾರ್ಥಿಗಳು, ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮಂದಿರು, ಹೊಸದಾಗಿ ಬಂದು ನೆಲೆಸಿದವರು. ಬಾಗಿಲಲ್ಲಿ ಒಂಬತ್ತು ಭಾಷೆಯಲ್ಲಿ ಒಂದೇ ಸಾಲು ಇರಬೇಕು. ಕನ್ನಡದ ಸಾಲು ನನ್ನ ಪಾಲಿಗೆ ಬಂದಿದೆ.

ನಾನು ಬರೆದಿರುವುದು ಇದು: 'ಅಂತರರಾಷ್ಟ್ರೀಯ ಪ್ರೇಕ್ಷಕರಿಗಾಗಿ ಅಮೆರಿಕದ ಸಾಕ್ಷ್ಯಚಿತ್ರೋತ್ಸವ'.

ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. 'ಸಾಕ್ಷ್ಯ ಅಂದ್ರೆ ಕೋರ್ಟಿನ ವಿಷಯವಾ?' ಅಂದರು. ಅಲ್ಲಿಂದ ಅನುಮಾನ ಶುರುವಾಯಿತು. ಸುಮ್ನೆ ಡಾಕ್ಯುಮೆಂಟರಿ ಅಂತಲೇ ಹಾಕಲೇ? 'ದಾಖಲೆಚಿತ್ರ' ಅಂತಲೂ ಎಲ್ಲೋ ಓದಿದ ನೆನಪು. ದಯವಿಟ್ಟು ಬೇಗ ಹೇಳಿ.

ಧಾರವಾಡದಿಂದ

ತಂಗಿ, ಮೊದಲು ಕಾಗುಣಿತ ನೋಡೋಣ. ಅಂತರ್ + ರಾಷ್ಟ್ರೀಯ. ರೇಫದ (ಅಂದರೆ 'ರ್'ನ) ಮುಂದೆ ರೇಫ ಬಂದರೆ ಮೊದಲನೆಯದು ಬಿದ್ದುಹೋಗುತ್ತದೆ, ಹಿಂದಿನ ಸ್ವರ ದೀರ್ಘವಾಗುತ್ತದೆ. ನಿರ್ + ರಸ 'ನೀರಸ' ಆದದ್ದು ಹೀಗೇ. ಆದ್ದರಿಂದ 'ಅಂತಾರಾಷ್ಟ್ರೀಯ'. ಅರ್ಧ ಜಗತ್ತು ತಪ್ಪು ಬರೆಯುತ್ತದೆ ಅಂತ ನಾವೂ ಬರೆಯಬೇಕಿಲ್ಲ.

ಇನ್ನು ಡಾಕ್ಯುಮೆಂಟರಿ. ಇದರ ಬೇರು ಲ್ಯಾಟಿನ್ನಿನ 'ದೊಕೆರೆ', ಅಂದರೆ ಕಲಿಸು. ಡಾಕ್ಟರ್ ಅನ್ನುವ ಪದವೂ ಅದೇ ಬೇರಿನದು. ಕಲಿಸುವವನು ಅಂತ ಅದರ ಮೂಲದ ಅರ್ಥ, ಸೂಜಿ ಚುಚ್ಚುವವನು ಅಂತಲ್ಲ. 'ದೊಕುಮೆಂತುಂ' ಅಂದರೆ ಪಾಠ. ಮರಾಠಿಯವರು ಇದನ್ನು ಹಿಡಿದೇ 'ಅನುಬೋಧಪಟ' ಅಂತ ಮಾಡಿಕೊಂಡಿದ್ದರು. ನಾವು 'ಬೋಧಚಿತ್ರ' ಅನ್ನಬಹುದಿತ್ತು. ಸಾಕ್ಷಿ ಎಲ್ಲಿಂದ ಬಂತೋ ತಿಳಿಯದು.

ಬೆಂಗಳೂರಿನಿಂದ

ಮತ್ತೆ ಸಂಸ್ಕೃತದ ಪಾಠ. ಎಂಟು ವರ್ಷದಲ್ಲಿ ಅಂತಾರಾಷ್ಟ್ರೀಯದ ಮೇಲೆ ಇದು ಮೂರನೇ ಸುತ್ತು.

'ಸಾಕ್ಷ್ಯ'ದಲ್ಲಿ ಒಂದರ ಕೆಳಗೊಂದು ಮೂರು ವ್ಯಂಜನ ಇವೆ. ಯಾರ ಬಾಯಲ್ಲಿ ಅದು ಸರಿಯಾಗಿ ಬರುತ್ತದೆ? ಟಿವಿಯವರು 'ಸಾಕ್ಷಚಿತ್ರ' ಅಂತಾರೆ, ಪೋಸ್ಟರಿನಲ್ಲಿ 'ಸಾಕ್ಷಿಚಿತ್ರ' ಅಂತ ಇರುತ್ತದೆ. ಜನ ಹೇಳಲಾಗದ ಪದವನ್ನು ಜನರ ಮುಂದೆ ತೂಗುಹಾಕುವುದು ಯಾಕೆ? ಸಿನಿಮಾಕ್ಕೆ ಓಡುತಿಟ್ಟ ಅನ್ನುವ ಕನ್ನಡದ ಪದ ಈಗಾಗಲೇ ಓಡಾಡುತ್ತಿದೆ. ತಿಟ್ಟ ಅಂದರೆ ಚಿತ್ರ. ದಿಟವನ್ನು ತೋರಿಸುವ ತಿಟ್ಟ 'ದಿಟತಿಟ್ಟ'. ನನ್ನ ಸಾಲು: 'ಹೊರನಾಡ ನೋಡುಗರಿಗೆ ಅಮೆರಿಕದ ದಿಟತಿಟ್ಟಗಳ ಹಬ್ಬ'. ಒಂದೂ ಎರವಲಿಲ್ಲ.

ಉಡುಪಿಯಿಂದ

ಒಂದೂ ಎರವಲಿಲ್ಲವಾ? ಎಣಿಸೋಣ ಮಾರಾಯ್ರೇ.

ದಿಟ: ದೃಷ್ಟದಿಂದ ಬಂದದ್ದು ಅನ್ನುವವರಿದ್ದಾರೆ, ದೃಢದಿಂದ ಅನ್ನುವವರೂ ಇದ್ದಾರೆ. ಯಾವುದಾದರೂ ಸಂಸ್ಕೃತವೇ. ಹಬ್ಬ: ಪರ್ವ, ಪರ್ಬ, ಪಬ್ಬ, ಹಬ್ಬ. ನಮ್ಮ ತುಳುವಿನಲ್ಲಿ ಇವತ್ತಿಗೂ ಪರ್ಬ. ಇನ್ನು ತಿಟ್ಟು ಅಂದರೆ ನಮ್ಮ ಕಡೆ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು. ಅಮೆರಿಕದ ದಿಟತಿಟ್ಟು ಅಂತ ಕೇಳಿದರೆ ಚೆಂಡೆ ಸದ್ದು ಎಲ್ಲಿ ಅಂತ ಕಿವಿ ನೆಟ್ಟಗಾಗುತ್ತದೆ. ಇನ್ನು 'ಹೊರನಾಡು' ಅಂದಕೂಡಲೇ ಅರ್ಧ ಜನಕ್ಕೆ ಅನ್ನಪೂರ್ಣೇಶ್ವರಿ ಊಟ ನೆನಪಾಗುತ್ತದೆ. ಉಳಿದರ್ಧಕ್ಕೆ ಹೊರನಾಡ ಕನ್ನಡಿಗರು. ಕೀನ್ಯಾದವರು, ವಿಯೆಟ್ನಾಮಿನವರು ಯಾರಿಗೂ ನೆನಪಾಗುವುದಿಲ್ಲ.

ನಿಮ್ಮ ಸಾಲಿನಲ್ಲಿ ಒಪ್ಪತಕ್ಕದ್ದು 'ನೋಡುಗರು' ಒಂದೇ.

ಬೆಂಗಳೂರಿನಿಂದ

ತದ್ಭವ ಕನ್ನಡವೇ. ಬಾಯಿ ತಿರುವಿ ನಮ್ಮದು ಮಾಡಿಕೊಂಡಮೇಲೆ ಅದು ಎರವಲಲ್ಲ. ನಾನು ಬೇಡ ಅನ್ನುವುದು ತಿರುವದೆ ಹಾಗೇ ಎತ್ತಿಕೊಂಡದ್ದನ್ನು. ಈ ವ್ಯತ್ಯಾಸ ಗೊತ್ತಿದ್ದೂ ಗೇಲಿ ಮಾಡುವವರ ಜೊತೆ ಮಾತಿಲ್ಲ.

ಉಡುಪಿಯಿಂದ

ಹಾಗಾದರೆ 'ಡಾಕ್ಯುಮೆಂಟ್ರಿ'ಯನ್ನೂ ನಮ್ಮ ಬಾಯಿ ತಿರುವಿಕೊಂಡಿದೆಯಲ್ಲ. ಅದು ಇಂಗ್ಲಿಷಿನ ತದ್ಭವ. ಒಪ್ಪುತ್ತೀರಾ?

ಮೈಸೂರಿನಿಂದ

ಇಬ್ಬರೂ ಸ್ವಲ್ಪ ಸುಮ್ಮನಿರಿ. ಆ ಹುಡುಗಿಗೆ ಗುರುವಾರಕ್ಕೆ ಬೇಕು.

ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವಳು ನಾನು. 'ದಾಖಲೆಚಿತ್ರ' ಮಾತ್ರ ಬೇಡಮ್ಮ. ದಾಖಲೆ ಅಂದರೆ ಕಾಗದಪತ್ರವೂ ಹೌದು, ಕ್ರಿಕೆಟ್ಟಿನ ದಾಖಲೆಯೂ ಹೌದು. 'ಅಮೆರಿಕದ ದಾಖಲೆ ಚಿತ್ರಗಳು' ಅಂದರೆ ನೂರು ದಿನ ಓಡಿದ ಸಿನಿಮಾ ಅಂತ ತಿಳಿದು ಟಿಕೆಟ್ ಕೇಳುತ್ತಾರೆ. ತಮಿಳಿನವರ 'ಆವಣಪ್ಪಡಂ' ಇದೇ ದಾರಿಯದು. ಅವರ ಆವಣಕ್ಕೆ ಕ್ರಿಕೆಟ್ಟಿನ ಅರ್ಥ ಇಲ್ಲ, ಬಚಾವಾದರು. ಹಿಂದಿಯವರು ವೃತ್ತಚಿತ್ರ ಅಂದರು, ಬಂಗಾಳಿಯವರು ತಥ್ಯಚಿತ್ರ, ಮರಾಠಿಯವರು ಈಗ ಹೆಚ್ಚಾಗಿ ಮಾಹಿತಿಪಟ. ನಾವು ಸಾಕ್ಷ್ಯ ಹಿಡಿದೆವು. ನನಗೆ ನಮ್ಮದೇ ಇಷ್ಟ. ಸಾಕ್ಷಿ ಅಂದರೆ ಕಣ್ಣಾರೆ ಕಂಡವನು, ಕಣ್ಣು ಅನ್ನುವ 'ಅಕ್ಷ' ಒಳಗೇ ಇದೆ. ಕ್ಯಾಮೆರಾಕ್ಕೆ ಇನ್ನೇನು ಬೇಕು?

ಮೇಷ್ಟ್ರೇ, ನೀರಸದ ನಿಯಮ ಸರಿ. ಆದರೆ 'ಅಂತರ' ಕನ್ನಡದಲ್ಲಿ ತನ್ನ ಕಾಲ ಮೇಲೆ ನಿಂತ ಪದ. ಅಂತರಜಿಲ್ಲಾ ಅನ್ನುವಂತೆ ಅಂತರರಾಷ್ಟ್ರೀಯ. ಎರಡನ್ನೂ ಪತ್ರಿಕೆಗಳು ಬರೆಯುತ್ತವೆ, ಯಾವ ಓದುಗನೂ ಸತ್ತಿಲ್ಲ.

ನಿಜವಾದ ತೊಂದರೆ ಬೇರೆ ಇದೆ, ಯಾರೂ ನೋಡಲಿಲ್ಲ. 'ಅಂತರರಾಷ್ಟ್ರೀಯ ಪ್ರೇಕ್ಷಕರು' ಅಂತ ಕನ್ನಡದಲ್ಲಿ ಓದುವವನು ಯಾರು? ಆ ಪ್ರೇಕ್ಷಕನೇ! ಅಮೆರಿಕದವರ ಕಣ್ಣಿಗೆ ತಾವಲ್ಲದವರೆಲ್ಲ ಅಂತರರಾಷ್ಟ್ರೀಯ. ಮಗಳ ಬಾಣಂತನಕ್ಕೆ ಬಂದ ಹುಣಸೂರಿನ ಅಮ್ಮ ಬಾಗಿಲಲ್ಲಿ ನಿಂತು ಇದನ್ನು ಓದಿ, 'ಯಾರೋ ದೊಡ್ಡವರಿಗಿರಬೇಕು' ಅಂತ ವಾಪಸ್ ಹೋಗುತ್ತಾರೆ.

ಹಾಸನದಿಂದ

ಮೇಡಂ ಹೇಳಿದ್ದು ಹಳೆಯ ಒಂದು ಗಂಟಿಗೆ ಕೈ ಹಾಕಿದೆ. ಅಮೆರಿಕದವರಿಗೆ 'ಹೊರದೇಶದ ಪ್ರೇಕ್ಷಕರಿಗಾಗಿ ಡಾಕ್ಯುಮೆಂಟರಿ' ಅನ್ನುವುದು ಒಂದು ಕಾಲಕ್ಕೆ ಕಾನೂನಿನ ಮಾತೇ ಆಗಿತ್ತು. ಹೊರದೇಶಕ್ಕೆ ಸರ್ಕಾರಿ ಪ್ರಚಾರ ಹೇಗೆ ನಡೆಯಬೇಕು ಅಂತ 1948ರಲ್ಲಿ ಸ್ಮಿತ್-ಮಂಟ್ ಕಾಯಿದೆ ಬಂತು. 1953ರಲ್ಲಿ ಯುಎಸ್‌ಐಎ ಅನ್ನುವ ಸರ್ಕಾರಿ ಪ್ರಚಾರ ಸಂಸ್ಥೆ ಹುಟ್ಟಿತು, ಅದೇ ನಮ್ಮಲ್ಲಿ ಯುಎಸ್‌ಐಎಸ್. ಅದು ಮಾಡಿಸಿದ ಚಿತ್ರಗಳು ಹೊರಗಿನವರಿಗೆ ಮಾತ್ರ. ಅಮೆರಿಕದ ಒಳಗೆ ತೋರಿಸುವಂತಿರಲಿಲ್ಲ. ಸತ್ತ ಅಧ್ಯಕ್ಷ ಕೆನಡಿಯ ಬಗ್ಗೆ ಮಾಡಿದ ಚಿತ್ರವನ್ನು ಅವರ ಜನಕ್ಕೇ ತೋರಿಸಲು ಅಲ್ಲಿನ ಸಂಸತ್ತು ಕಾಂಗ್ರೆಸ್ ಬೇರೆ ನಿರ್ಣಯ ಮಾಡಬೇಕಾಯಿತು. ಲಿಟಲ್ ರಾಕ್ ಊರಿನ ಬಿಳಿಯರ ಶಾಲೆಗೆ 1957ರಲ್ಲಿ ಸೈನಿಕರ ಕಾವಲಿನಲ್ಲಿ ಹೋದ ಒಂಬತ್ತು ಕಪ್ಪು ಮಕ್ಕಳ ಬಗ್ಗೆಯೂ ಒಂದು ಚಿತ್ರ ಮಾಡಿಸಿದರು. ಅದಕ್ಕೆ ಆಸ್ಕರ್ ಬಂತು. ಮಾಡಿಸಿದ್ದು ಮಾತ್ರ ನಮ್ಮಂಥವರಿಗೆ. ಕಾನೂನು ಸಡಿಲವಾದದ್ದು 2013ರಲ್ಲಿ.

ನಮ್ಮೂರಿಗೆ ಯುಎಸ್‌ಐಎಸ್ ವ್ಯಾನ್ ಬಂದದ್ದು ನನಗೆ ನೆನಪಿದೆ. ಶಾಲೆ ಮೈದಾನದಲ್ಲಿ ಬಿಳಿ ಪರದೆ ಕಟ್ಟಿದರು. ಮೆಕ್ಕೆಜೋಳದ ಹೊಲದಲ್ಲಿ ಮನೆಯಷ್ಟು ಎತ್ತರದ ಯಂತ್ರ. ಪರದೆಯ ಹಿಂದೆ ಕೂತವರಿಗೆ ಎಲ್ಲ ಎಡಬಲ ಆಗಿ ಕಾಣುತ್ತಿತ್ತು, ಆದರೂ ಎದ್ದು ಹೋಗಲಿಲ್ಲ. ಯಾರೂ ಸಾಕ್ಷ್ಯಚಿತ್ರ ಅನ್ನಲಿಲ್ಲ, 'ವ್ಯಾನ್ ಸಿನಿಮಾ' ಅಂದರು. ಟಾಕೀಸಿನಲ್ಲಿ ನಮ್ಮ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನದು ಬಂದರೆ ಅದು 'ನ್ಯೂಸ್ ರೀಲು'. ಬೀಡಿ ಸೇದಲು ಹೊರಗೆ ಹೋಗುವ ಹೊತ್ತು. ಪ್ರಚಾರಕ್ಕೆ ಮಾಡಿದ್ದನ್ನೂ ಸಾಕ್ಷ್ಯ ಅನ್ನಬೇಕಾ ಅಂತ ನನ್ನ ಪ್ರಶ್ನೆ.

ಡರ್ಹಮ್‌ನಿಂದ

ಸಾರ್, ನಮ್ಮದು ಸರ್ಕಾರದ್ದಲ್ಲ. ಆದರೆ ನಿಮ್ಮ ಪ್ರಶ್ನೆ ಬೇರೆ ಕಡೆಯಿಂದ ನಮಗೂ ಬಂದಿದೆ. ಮೊದಲ ದಿನ ಅಮೆರಿಕದ ನಿರ್ದೇಶಕ ಫ್ಲಾಹರ್ಟಿಯ 1922ರ 'ನಾನೂಕ್' ಇದೆ. ಅದರಲ್ಲಿ ನಾನೂಕ್ ಅನ್ನುವ ಬೇಟೆಗಾರನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಆ ಇನುಯಿಟ್ ಜನ ಆಗಲೇ ಬಂದೂಕು ಬಳಸುತ್ತಿದ್ದರು, ಕ್ಯಾಮೆರಾಕ್ಕಾಗಿ ಈಟಿ ಹಿಡಿಸಿದರು. ಹಿಮದ ಮನೆಯೊಳಗೆ ಬೆಳಕು ಸಾಲದು ಅಂತ ಒಂದು ಕಡೆ ಗೋಡೆಯೇ ಇಲ್ಲದ ಮನೆ ಕಟ್ಟಿಸಿದರು. ಇದು ಸಾಕ್ಷ್ಯವಾ, ನಾಟಕವಾ?

ಇನ್ನೊಂದು. 'ಅಮೆರಿಕದ ಸಾಕ್ಷ್ಯಚಿತ್ರ' ಅಂದರೆ ಅಮೆರಿಕದ ಬಗ್ಗೆ ಅಂತಲೂ ಅರ್ಥ ಬರುತ್ತದಲ್ಲವಾ? ನಾನೂಕ್ ತೆಗೆದದ್ದು ಕೆನಡಾದ ಹಡ್ಸನ್ ಕೊಲ್ಲಿಯ ಬಳಿ.

ಮೈಸೂರಿನಿಂದ

ಹಾಗಾದರೆ 'ಅಮೆರಿಕನ್' ಅಂತ ಹಾಕು. ಅಮೆರಿಕದ ಚಿತ್ರ ಗೋಡೆಗೆ ತೂಗುಹಾಕುವ ನಕ್ಷೆಯೂ ಆಗಬಹುದು.

ಸಾಕ್ಷ್ಯದ ವಿಷಯ ಇಷ್ಟೇ. ಕಟಕಟೆಯಲ್ಲಿ ನಿಂತ ಸಾಕ್ಷಿ ಸುಳ್ಳು ಹೇಳಬಹುದು. ಆಗಲೂ ಅದು ಸಾಕ್ಷ್ಯವೇ, ಸುಳ್ಳು ಸಾಕ್ಷ್ಯ. ಪಾಟೀಸವಾಲು ಇರುವುದು ಅದಕ್ಕೇ. ಫ್ಲಾಹರ್ಟಿಯನ್ನೂ ಯುಎಸ್‌ಐಎಸ್ಸನ್ನೂ ಕಟಕಟೆ ಹತ್ತಿಸಿ ಪಾಟೀಸವಾಲು ಮಾಡಿ, ಪದವನ್ನು ಬಿಟ್ಟುಬಿಡಿ. 'ದಿಟತಿಟ್ಟ' ಅಂದರೆ ಈ ದಾರಿಯೂ ಮುಚ್ಚುತ್ತದೆ. ದಿಟ ಅಂದಮೇಲೆ ಸುಳ್ಳು ದಿಟ ಅನ್ನಲಾಗುತ್ತದಾ? ನಿನ್ನ ಅಮ್ಮನಿಗೆ ಕೋರ್ಟು ನೆನಪಾದದ್ದು ಸರಿಯಾಗಿಯೇ ಇದೆ ಅಂತ ಹೇಳು.

ಧಾರವಾಡದಿಂದ

ಬೇರು ಬಿಟ್ಟು ಅರ್ಥ ಹೇಳುವವರಿಗೆ ಏನು ಹೇಳಲಿ! 'ದೊಕೆರೆ' ಕಲಿಸು ಅಂತಿದೆ. ಸಾಕ್ಷಿ ಅದರಲ್ಲಿಲ್ಲ.

ಹಾಸನದಿಂದ

ಮೇಷ್ಟ್ರೇ, ಲ್ಯಾಟಿನ್ನಿನಿಂದ ಸೀದಾ ನಮ್ಮ ಮನೆ ಬಾಗಿಲಿಗೆ ಬರಲಿಲ್ಲ ಅದು. ಪ್ರವಾಸದ ಚಿತ್ರಗಳಿಗೆ ಫ್ರೆಂಚರು ಈ ಪದ ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಹೆಸರಾದದ್ದು 1926ರ ಫೆಬ್ರವರಿ 8ರಂದು, 'ನ್ಯೂಯಾರ್ಕ್ ಸನ್' ಪತ್ರಿಕೆಯಲ್ಲಿ ಸ್ಕಾಟ್ಲೆಂಡಿನ ಗ್ರಿಯರ್ಸನ್ ಬರೆದ ವಿಮರ್ಶೆಯಿಂದ. ಅದೂ ಫ್ಲಾಹರ್ಟಿಯ ಇನ್ನೊಂದು ಚಿತ್ರದ ಬಗ್ಗೆ, ಸಮೋವಾದಲ್ಲಿ ತೆಗೆದದ್ದು. ಪಾಠ ಅನ್ನುವ ಅರ್ಥ ಆಗಲೇ ಹಿಂದೆ ಬಿದ್ದು, ಆಧಾರ ಅನ್ನುವ ಅರ್ಥ ಮುಂದೆ ಬಂದಿತ್ತು. ಸಾಕ್ಷ್ಯ ಹುಟ್ಟಿದ್ದು ಆ ಮನೆಯಲ್ಲಿ. ನನ್ನ ಪ್ರಶ್ನೆಗೆ ಮೇಡಂ ಉತ್ತರ ಸಿಕ್ಕಿತು, ನಾನು ವಾಪಸ್ ತಗೊಂಡೆ.

ಬೆಂಗಳೂರಿನಿಂದ

ಲ್ಯಾಟಿನ್, ಫ್ರೆಂಚ್, ಸಂಸ್ಕೃತ, ಎಲ್ಲ ಆಯಿತು. ಕನ್ನಡದ ಬೇರು ಕೇಳಿದರೆ ಚೆಂಡೆ ಬಾರಿಸುತ್ತೀರಿ. ಇಷ್ಟೇ ಉತ್ಸಾಹದಲ್ಲಿ ಹೊಸ ಪದವೊಂದನ್ನು ಹತ್ತು ವರ್ಷ ಬಳಸಿ ನೋಡಿದ್ದರೆ ಅದೂ ಸಾಕ್ಷ್ಯಚಿತ್ರದ ಹಾಗೇ ಪಳಗುತ್ತಿತ್ತು. ಸಾಕ್ಷ್ಯಚಿತ್ರ ಏನು ನಮ್ಮಜ್ಜಿ ಜೋಗುಳದಲ್ಲಿ ಹಾಡಿದ್ದಾ? ಅದೂ ಯಾರೋ ಮೇಜಿನ ಮುಂದೆ ಕೂತು ಕಟ್ಟಿದ್ದೇ.

ಉಡುಪಿಯಿಂದ

ಇದು ಮಾತ್ರ ಸರಿಯಾದ ಮಾತು. ಇದಕ್ಕೆ ನನ್ನ ಹತ್ತಿರ ಗೇಲಿ ಇಲ್ಲ.

ಡರ್ಹಮ್‌ನಿಂದ

ಸಾಲು ಪ್ರಿಂಟಿಗೆ ಹೋಯಿತು. ಕೊನೆಗೆ ಉಳಿದದ್ದು: 'ಹಲವು ದೇಶಗಳ ನೋಡುಗರಿಗೆ ಅಮೆರಿಕನ್ ಸಾಕ್ಷ್ಯಚಿತ್ರಗಳ ಹಬ್ಬ'. ನೋಡುಗರು, ಹಬ್ಬ ಎರಡೂ ಬೆಂಗಳೂರಿನ ಸಾರ್ ಕೊಟ್ಟದ್ದು. ಸಾಕ್ಷ್ಯಚಿತ್ರ ಮೈಸೂರಿನ ಮೇಡಂ ವಕಾಲತ್ತಿನಿಂದ ಉಳಿಯಿತು. ಅಮ್ಮನಿಗೆ ಓದಿ ಹೇಳಿದೆ. 'ಹಬ್ಬ ಅಂದ್ಮೇಲೆ ಊಟ ಇರುತ್ತಾ?' ಅಂದರು. ಬಾಗಿಲಲ್ಲಿ ಕಾಫಿ, ಬಿಸ್ಕತ್ತು ಇಡುವ ಯೋಚನೆ ಇತ್ತು, ಜಾಸ್ತಿ ಮಾಡಬೇಕು.

ಒಂದು ಎಡವಟ್ಟೂ ಆಯಿತು. ಪ್ರಿಂಟಿನವರ ಕಂಪ್ಯೂಟರಿನಲ್ಲಿ 'ಕ್ಷ್ಯ' ಒಡೆದು ಮೂರು ತುಂಡಾಗಿ ಸಾಲಾಗಿ ನಿಂತಿತು. ಬೆಂಗಳೂರಿನ ಸಾರ್ ಹೇಳಿದ್ದು ಬಾಯಿಗೆ ಮಾತ್ರ ಅಲ್ಲ, ಯಂತ್ರಕ್ಕೂ ನಿಜ. ಅಕ್ಷರದ ಬದಲು ಚಿತ್ರ ಮಾಡಿ ಕಳಿಸಿದಮೇಲೆ ಸರಿಹೋಯಿತು. ಎಲ್ಲರಿಗೂ ಧನ್ಯವಾದ.

ಬೆಂಗಳೂರಿನಿಂದ

ನಾನು ಹೇಳಿದ್ದೆ.

ಧಾರವಾಡದಿಂದ

ತಂಗಿ, ಅಂತರರಾಷ್ಟ್ರೀಯ ಕೈಬಿಟ್ಟಿದ್ದು ಚಲೋ ಆತು. ತಪ್ಪು ಬರೆಯುವುದಕ್ಕಿಂತ ಬಿಡುವುದು ಮೇಲು. ಆದರೆ ನಿಮ್ಮ ಊರಿನ ದೇಶದ ಹೆಸರು ಅಮೆರಿಕವೋ, ಅಮೇರಿಕವೋ?

ಮೈಸೂರಿನಿಂದ

ಮೇಷ್ಟ್ರೇ, ಬ್ಯಾನರ್ ಆಗಲೇ ಪ್ರಿಂಟ್ ಆಗಿದೆ. ಅದಕ್ಕೆ ಬೇರೆ ಓಲೆ ಶುರು ಮಾಡಿ.