ದೊಡ್ಡಮನೆ ಬಳಗ: ಸಿಟಿಜನ್‌ಶಿಪ್ ಫಾರ್ವರ್ಡ್

ಶ್ರೀಧರ ಚಿಕ್ಕಪ್ಪ: (ಫಾರ್ವರ್ಡ್) ‼️ಅಮೆರಿಕ ಸಿಟಿಜನ್‌ಶಿಪ್‌ಗೆ ಹೊಸ ಪರೀಕ್ಷೆ. 128 ಪ್ರಶ್ನೆಗೂ ಉತ್ತರ ಕಡ್ಡಾಯ. ಫೇಲಾದರೆ ಗ್ರೀನ್ ಕಾರ್ಡ್ ರದ್ದು. ಎಲ್ಲರಿಗೂ ಕಳಿಸಿ‼️

ಶ್ರೀಧರ ಚಿಕ್ಕಪ್ಪ: ಪದ್ಮಕ್ಕ, ಅರ್ಜಿ ಹಾಕೋ ಗೊಡವೆ ಬೇಡ ಅಂತ ಆವತ್ತೇ ಹೇಳಿದ್ದೆ.

ವಿನಯ್: ಚಿಕ್ಕಪ್ಪ, ಎಲ್ಲಿಂದ ಬಂತು ಇದು? ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ವೆಬ್‌ಸೈಟಲ್ಲಿ ಹೀಗಿಲ್ಲ. 128 ಇರೋದು ಓದ್ಕೊಳ್ಳೋಕೆ. ಕೇಳೋದು ಹೆಚ್ಚೆಂದ್ರೆ 20. 12 ಸರಿಯಾದ ಕೂಡಲೇ ಪಾಸ್, 9 ತಪ್ಪಿದ್ರೆ ಅಲ್ಲಿಗೇ ನಿಲ್ಲಿಸ್ತಾರೆ. ಅದೂ 2025ರ ಅಕ್ಟೋಬರ್ 20ಕ್ಕೆ ಅಥವಾ ಆಮೇಲೆ ಎನ್-400, ಅಂದ್ರೆ ಸಿಟಿಜನ್‌ಶಿಪ್ ಅರ್ಜಿ ಹಾಕಿದವರಿಗೆ. ಅದಕ್ಕೂ ಮುಂಚೆ ಹಾಕಿದ್ರೆ ಹಳೇ 100 ಪ್ರಶ್ನೆ ಪಟ್ಟಿ, ಕೇಳೋದು 10, ಬೇಕಾಗಿದ್ದು 6.

ವಿನಯ್: ಫೇಲಾದ್ರೆ 60ರಿಂದ 90 ದಿನದ ಒಳಗೆ ಮತ್ತೆ ಕರೀತಾರೆ, ಬಿದ್ದ ಭಾಗಕ್ಕೆ ಮಾತ್ರ. ಆಗಲೂ ಆಗ್ದಿದ್ರೆ ಅರ್ಜಿ ಹೋಗತ್ತೆ, ಗ್ರೀನ್ ಕಾರ್ಡ್ ಅಲ್ಲ.

ಶ್ರೀಧರ ಚಿಕ್ಕಪ್ಪ: ಸೈಟಿನ ಖಾತೆ ವಿಷಯದಲ್ಲೂ ಹೀಗೇ ವಾದ ಮಾಡಿದ್ದೆ ನೀನು.

ನಾಗರಾಜ ದೊಡ್ಡಪ್ಪ: ವಿನಯ್, ಹಿರಿಯರ ಹತ್ರ ಮಾತಾಡೋ ರೀತಿ ಇದಲ್ಲ. ಒಂದು ದೇಶದ ಪ್ರಜೆ ಆಗೋದು ಸಣ್ಣ ಮಾತಲ್ಲ. ಪದ್ಮ, ಶ್ರದ್ಧೆಯಿಂದ ಓದಮ್ಮ.

ರಮ್ಯ: ಅಜ್ಜ ಜಗಲಿ ಮೇಲೆ ಕೂರಿಸಿ ಜಿಲ್ಲೆಗಳ ಹೆಸರು ಹೇಳಿಸ್ತಿದ್ರಲ್ಲ ದೊಡ್ಡಪ್ಪ! ತಪ್ಪಿದವರಿಗೆ ಹಲಸಿನ ಹಪ್ಪಳ ಇಲ್ಲ 😀

ಶ್ರೀಧರ ಚಿಕ್ಕಪ್ಪ: 55 ದಾಟಿದ್ರೆ ಕನ್ನಡದಲ್ಲೇ ಕೇಳ್ತಾರಂತೆ. ಅಕ್ಕಂಗೆ 58.

ವಿನಯ್: ವಯಸ್ಸೊಂದೇ ಸಾಲಲ್ಲ. ಅರ್ಜಿ ಹಾಕೋ ದಿನಕ್ಕೆ ಗ್ರೀನ್ ಕಾರ್ಡ್ ಬಂದು 15 ವರ್ಷ ಆಗಿರ್ಬೇಕು. ಅತ್ತೇದು 11. ಆ ರಿಯಾಯ್ತಿ ಇದ್ದವರೂ ದುಭಾಷಿನ ತಾವೇ ಕರ್ಕೊಂಡು ಹೋಗ್ಬೇಕು.

ಪದ್ಮತ್ತೆ: ಇಂಗ್ಲಿಷಲ್ಲೇ ಕೊಡ್ತೀನಿ ಬಿಡ್ರೋ. ಎಲ್ಲಿ ಎಡವ್ತಾರೆ ಅದನ್ನ ಹೇಳು ವಿನು.

ವಿನಯ್: ಅತ್ತೆ, ಆಪಲ್ಲಿ ನಾಲ್ಕರಲ್ಲೊಂದು ಒತ್ತಿ ಕಲೀಬೇಡಿ. ಅಲ್ಲಿ ಆಯ್ಕೆ ಕೊಡಲ್ಲ, ಬಾಯಲ್ಲೇ ಹೇಳ್ಬೇಕು. ಗವರ್ನರ್, ಸೆನೆಟರ್, ಸ್ಪೀಕರ್ ಹೆಸರು ಇಂಟರ್‌ವ್ಯೂ ದಿನಕ್ಕೆ ಯಾರಿದ್ದಾರೋ ಅವರದ್ದು. ನಿಮ್ಮ ನ್ಯೂಜೆರ್ಸಿಗೆ ಹಳೇ ಪಟ್ಟಿಲಿ ಫಿಲ್ ಮರ್ಫಿ ಅಂತಿರತ್ತೆ. 2026ರ ಜನವರಿಯಿಂದ ಮಿಕಿ ಶೆರಿಲ್. ಮೂರು ವಾಕ್ಯದಲ್ಲಿ ಒಂದು ಓದ್ಬೇಕು, ಮೂರರಲ್ಲಿ ಒಂದು ಬರೀಬೇಕು. ಅದು ಸುಲಭ. ನಿಜವಾಗಿ ತಡವರಿಸೋದು ಎನ್-400ರ ‘ಹ್ಯಾವ್ ಯು ಎವರ್’ (ನೀವು ಯಾವತ್ತಾದ್ರೂ ಹೀಗೆ ಮಾಡಿದ್ದೀರಾ) ಪ್ರಶ್ನೆಗಳಲ್ಲಿ. ‘ಓತ್’ (ಪ್ರಮಾಣ) ಅಂದ್ರೇನು ಅಂತ ಕೇಳ್ಬಿಡ್ತಾರೆ. ಅರ್ಥ ಆಗ್ದೆ ಎಸ್ ಅನ್ಬೇಡಿ, ಇನ್ನೊಂದ್ಸಲ ಹೇಳಿ ಅಂತ ಕೇಳಿ. ಅದಕ್ಕೆ ಅವಕಾಶ ಇದೆ.

ರಮ್ಯ: ಅತ್ತೆ, ಆ ಹಪ್ಪಳ ಮಾಡೋದು ನಿಮಗೆ ಬರತ್ತಾ?

ಪದ್ಮತ್ತೆ: ಬರತ್ತೆ. ಶನಿವಾರ ವಿಡಿಯೋ ಕಾಲಲ್ಲಿ ಪ್ರಶ್ನೆ ಕೇಳು ವಿನು. ಶ್ರೀಧರ, ನೀನೂ ಬಾ.

ಶ್ರೀಧರ ಚಿಕ್ಕಪ್ಪ: ಬರ್ತೀನಿ ಅಕ್ಕ. ಆದ್ರೆ ಖಾತೆ ವಿಷಯ ನಾನು ಬಿಟ್ಟಿಲ್ಲ.